ಭಾಮೈದನ ಬೆಟ್ಟಿಂಗ್ ಲೆಕ್ಕ: ಒಂದು ಖಿರ್ದಿ, ಒಂದು ಶೀಟು, ಒಂದು ಪಾವು ಮೆಕ್ಕೆಜೋಳ

ಗಣೇಶನ ಹಬ್ಬ ಮುಗಿದ ಮೇಲಿನ ಭಾನುವಾರ ಭಾಮೈದ ಮನೆಗೆ ಬಂದ. ಬಂದವನೇ ಮೊಬೈಲ್ ತೆಗೆದು ತೋರಿಸಿದ. "ಆ್ಯಪ್‌ನಾಗ ಬೆಟ್ ಬಂದ್ ಮಾಡ್ಯಾರೆ ಭಾವ. ನಂದು 650 ರೂಪಾಯಿ ಒಳಗೇ ಐತಿ. ಸಾವಿರಕ್ಕಿಂತ ಕಮ್ಮಿ ಇದ್ರೆ ವಾಪಸ್ ಕೊಡಲ್ವಂತೆ."

ಅವನು ಆಡ್ತಾನೆ ಅನ್ನೋದು ನನಗೆ ಗೊತ್ತಿತ್ತು. ಎಷ್ಟು ಅನ್ನೋದು ಗೊತ್ತಿರಲಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು ಆ ತಿಂಗಳೇ ಪಾಸು ಮಾಡಿತ್ತು. 2025ರ ಆಗಸ್ಟ್ 22ಕ್ಕೆ ರಾಷ್ಟ್ರಪತಿಗಳ ಅಂಕಿತವೂ ಬಿದ್ದಿತ್ತು. ಬೆಟ್ಟಿಂಗ್ ಅದಕ್ಕೂ ಮೊದಲೇ ನಮ್ಮಲ್ಲಿ ಅಪರಾಧ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲೇ ಅದು ಇದೆ. ಆದರೆ ಅವತ್ತು ನಾನು ಕಾನೂನಿನ ಮಾತು ಎತ್ತಲಿಲ್ಲ. ಒಂದೇ ಪ್ರಶ್ನೆ ಕೇಳಿದೆ: "ಒಟ್ಟು ಎಷ್ಟು ಹೋಗಿದೆ?"

"ಹೋಗಿಲ್ಲ ಭಾವ. ಒಟ್ನಾಗ ಲೆವೆಲ್ ಐತಿ."

ನಾನು ದಾವಣಗೆರೆ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಮೇಜಿನ ಮೇಲೆ ತೂಕದ ಚೀಟಿಗಳು ರಾಶಿ ಬೀಳುತ್ತವೆ. ರೈತ, ಖರೀದಿದಾರ, ಹಮಾಲಿ, ದಲಾಲಿ ಎಲ್ಲರ ಲೆಕ್ಕವೂ ಸಂಜೆಗೆ ತಾಳೆ ಆಗಬೇಕು. ಪುಸ್ತಕ ನೋಡದೆ ಯಾರಾದರೂ "ಲೆವೆಲ್" ಅಂದರೆ ನನಗೆ ನಿದ್ದೆ ಬರುವುದಿಲ್ಲ. ಅವನ ಮೇಲೆ ಅಪನಂಬಿಕೆ ಅಂತಲ್ಲ. ಅವನು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೂ ಹಾಗೇ ನಂಬಿದ್ದ. ಹಾಗಾಗಿ ಕೂತು ಲೆಕ್ಕ ಬರೆಯೋಣ ಅಂದೆ. ಬೈಯಲ್ಲ, ಅಕ್ಕನಿಗೂ ಹೇಳಲ್ಲ, ಬರೆಯೋದಷ್ಟೇ ಅಂತ ಮಾತು ಕೊಟ್ಟೆ. ಮೂರು ತಿಂಗಳು ಹಿಡಿದ ಆ ಕೆಲಸದ ಟಿಪ್ಪಣಿ ಇದು. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಮೊದಲ ಭಾನುವಾರ: ಕಾಗದ ಸೇರಿಸಿದ್ದು

ಬೇಕಾದದ್ದು ಎರಡೇ. ಒಂದು, ಬ್ಯಾಂಕಿನಿಂದ ಆ್ಯಪ್‌ಗೆ ಹೋದ, ಆ್ಯಪ್‌ನಿಂದ ಬ್ಯಾಂಕಿಗೆ ಬಂದ ಹಣದ ಪಟ್ಟಿ. ಇನ್ನೊಂದು, ಪ್ರತಿ ಬೆಟ್ಟಿನ ವಿವರ. ಇವೆರಡನ್ನೂ ಬೇರೆ ಬೇರೆ ಬರೆದು ಕೊನೆಗೆ ತಾಳೆ ನೋಡಬೇಕು. ನಮ್ಮ ಅಂಗಡಿಯಲ್ಲಿ ಖಿರ್ದಿಗೂ (ದಿನದ ಜಮಾ-ಖರ್ಚಿನ ಪುಸ್ತಕ) ಖತಾವಣಿಗೂ (ಒಬ್ಬೊಬ್ಬರ ಖಾತೆಯ ಪುಸ್ತಕ) ಇರುವ ಸಂಬಂಧವೇ ಇಲ್ಲೂ ಇದೆ. ಒಂದನ್ನು ಮಾತ್ರ ನೋಡಿದರೆ ತಪ್ಪು ಎಲ್ಲಿದೆ ಅಂತ ಗೊತ್ತೇ ಆಗುವುದಿಲ್ಲ.

ಯುಪಿಐ ಪಟ್ಟಿಯನ್ನು ಮಾರ್ಚ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ತೆಗೆಸಿದೆವು. ಅಂದರೆ ಐಪಿಎಲ್ ನಡೆದ ದಿನಗಳು. ಅವನ ಸಂಬಳದ ಖಾತೆಯಿಂದ ಹೋದದ್ದು 40,000. ಬರೆದು ಮುಗಿಸಿ ಪೆನ್ನು ಕೆಳಗಿಟ್ಟೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮನ ಖಾತೇನೂ ಐತಿ ಭಾವ" ಅಂದ. ಅತ್ತೆಯವರ ಖಾತೆಯ ಯುಪಿಐ ಅವನ ಮೊಬೈಲ್‌ನಲ್ಲೇ ಇತ್ತು. ಅಲ್ಲಿಂದ 18,000 ಹೋಗಿತ್ತು. ಒಟ್ಟು 58,000. ವಾಪಸ್ ಬಂದದ್ದು 17,200, ಅಷ್ಟೂ ಅವನ ಖಾತೆಗೇ.

ಇಷ್ಟಕ್ಕೇ ಉತ್ತರ ಸಿಕ್ಕಂತಾಯಿತು. ಆದರೆ "ಹೋಯ್ತು" ಅಂತ ಗೊತ್ತಾಗುವುದು ಬೇರೆ, "ಹೇಗೆ ಹೋಯ್ತು" ಅಂತ ಗೊತ್ತಾಗುವುದು ಬೇರೆ. ಹೇಗೆ ಅಂತ ತಿಳಿಯದಿದ್ದರೆ ಮುಂದಿನ ಐಪಿಎಲ್ ಹೊತ್ತಿಗೆ ಯಾವುದಾದರೂ ದಾರಿ ಹುಡುಕಿ ಮತ್ತೆ ಶುರು ಮಾಡುತ್ತಾನೆ ಅನ್ನೋದು ನನ್ನ ಭಯ. ಅದಕ್ಕೇ ಬೆಟ್ಟುಗಳನ್ನು ಒಂದೊಂದಾಗಿ ಬರೆಯಲು ಕೂತೆವು.

ಶೀಟು ಕಟ್ಟಿದ್ದು

ಮನೆಯ ಹಳೇ ಲ್ಯಾಪ್‌ಟಾಪ್‌ನಲ್ಲಿ ಲಿಬ್ರೆ ಆಫೀಸ್ ಇದೆ. ಅದರ ಕ್ಯಾಲ್ಕ್ ಶೀಟಿನಲ್ಲಿ ಮೊದಲು ಹಾಕಿದ ಕಾಲಂಗಳು ಇವು: ತಾರೀಖು, ಪಂದ್ಯ, ಯಾರ ಮೇಲೆ, ದರ, ಪಣ, ಫಲಿತಾಂಶ, ಲಾಭ ಅಥವಾ ನಷ್ಟ, ಶಿಲ್ಕು (ಉಳಿದ ಹಣ).

ದರದ ಬಗ್ಗೆ ಎರಡು ಮಾತು. ಆ್ಯಪ್‌ನಲ್ಲಿ 1.85 ಅಂತ ಇದ್ದರೆ, 100 ಕಟ್ಟಿ ಗೆದ್ದಾಗ 185 ಬರುತ್ತದೆ ಅಂತ ಅರ್ಥ. ಅದರಲ್ಲಿ ನಿಮ್ಮದೇ 100 ಸೇರಿದೆ. ಲಾಭ 85 ಮಾತ್ರ. ಊರಿನ ಬುಕ್ಕಿಗಳು ಇದನ್ನೇ 85 ಪೈಸೆ ಅನ್ನುತ್ತಾರೆ. ಭಾಮೈದನ ಮೊದಲ ತಪ್ಪು ಇಲ್ಲೇ ಸಿಕ್ಕಿತು. ಸಾವಿರ ಕಟ್ಟಿ 1,850 ಬಂದ ದಿನವನ್ನು ಅವನು "1,850 ಹೊಡೆದೆ" ಅಂತ ನೆನಪಿಟ್ಟುಕೊಂಡಿದ್ದ. ಇದು ಖಾಲಿ ಚೀಲದ ತೂಕ ಕಳೆಯದೆ ಕಾಳಿನ ತೂಕ ಹೇಳಿದ ಹಾಗೆ. ನಮ್ಮ ಅಂಗಡಿಯಲ್ಲಿ ಹಾಗೆ ಬರೆದರೆ ಖರೀದಿದಾರ ಚೀಟಿ ಎಸೆದು ಹೋಗುತ್ತಾನೆ.

ಅವನು ಸ್ಕ್ರೀನ್‌ಶಾಟ್ ನೋಡಿ ಓದಿದ, ನಾನು ಟೈಪ್ ಮಾಡಿದೆ. ಎರಡು ಸಂಜೆ ಹಿಡಿಯಿತು. ಏಪ್ರಿಲ್ 16ರ ಡೆಲ್ಲಿ-ರಾಜಸ್ಥಾನ ಪಂದ್ಯಕ್ಕೆ ಬಂದಾಗ ಎರಡೂ ಕಡೆ 188 ರನ್ ಅಂತ ನೋಡಿ "ಟೈ" ಅಂತ ಹೊಡೆಯಲು ಹೋದೆ. ಅವನು ತಡೆದ. "ಸೂಪರ್ ಓವರ್‌ನಾಗ ಡೆಲ್ಲಿ ಗೆದ್ದೈತಿ ಭಾವ, ನಂಗೆ ದುಡ್ಡು ಬಂತು." ಆಟದ ವಿಷಯದಲ್ಲಿ ಅವನ ನೆನಪು ಅಷ್ಟು ಚೊಕ್ಕ. ಯಾರು ಯಾವ ಓವರ್‌ನಲ್ಲಿ ಔಟಾದರು ಅಂತ ಹೇಳುತ್ತಾನೆ. ನಮ್ಮೂರಿನ ವಿನಯ್ ಕುಮಾರ್ ನಾಯಕತ್ವದಲ್ಲಿ ಕರ್ನಾಟಕ ರಣಜಿ ಗೆದ್ದ ಆ ಎರಡು ಸೀಸನ್ನುಗಳ ಸ್ಕೋರ್ ಇವತ್ತಿಗೂ ಅವನಿಗೆ ಬಾಯಿಪಾಠ. ಅದೇ ಹುಡುಗನಿಗೆ ತನ್ನ ಪಣ ಎಷ್ಟಿತ್ತು ಅನ್ನೋದು ಮಾತ್ರ ಒಂದೂ ನೆನಪಿರಲಿಲ್ಲ. ಇದು ನನ್ನನ್ನು ಬಹಳ ಕಾಡಿತು.

ಮೊದಲ ತಾಳೆ, ಮೊದಲ ದೋಷ

60 ಸಾಲು ತುಂಬಿದ ಮೇಲೆ ಕೆಳಗೆ ಮೊತ್ತ ನೋಡಿದೆ: ನಷ್ಟ 45,150. ಬ್ಯಾಂಕಿನ ಲೆಕ್ಕದಲ್ಲಿ ಹೋದದ್ದು 58,000, ಬಂದದ್ದು 17,200, ವ್ಯತ್ಯಾಸ 40,800. ಶೀಟು 4,350 ಜಾಸ್ತಿ ನಷ್ಟ ತೋರಿಸುತ್ತಿದೆ. ಹಣ ಹೋಗಿದ್ದಕ್ಕಿಂತ ಹೆಚ್ಚು ಸೋಲಲು ಹೇಗೆ ಸಾಧ್ಯ?

ಒಂದು ಗಂಟೆ ಹುಡುಕಿದೆ. ತಪ್ಪು ನನ್ನ ಫಾರ್ಮುಲಾದಲ್ಲಿತ್ತು. "ಫಲಿತಾಂಶ ಗೆಲುವು ಆಗಿದ್ದರೆ ಪಣಕ್ಕೆ ದರ ಗುಣಿಸಿ, ಪಣ ಕಳೆದು ಲಾಭ ತೋರಿಸು, ಇಲ್ಲದಿದ್ದರೆ ಪಣ ಪೂರ್ತಿ ಕಳೆ" ಅಂತ ಬರೆದಿದ್ದೆ. ಗೆಲುವು, ಸೋಲು ಎರಡೇ ಇರುತ್ತವೆ ಅಂದುಕೊಂಡಿದ್ದೆ. ಮಳೆ ಮರೆತೇ ಹೋಗಿತ್ತು.

ಏಪ್ರಿಲ್ 26ಕ್ಕೆ ಕೋಲ್ಕತ್ತದಲ್ಲಿ ಕೋಲ್ಕತ್ತ-ಪಂಜಾಬ್ ಪಂದ್ಯ ಮಳೆಗೆ ನಿಂತುಹೋಯಿತು. ಮೇ 17ಕ್ಕೆ ಬೆಂಗಳೂರಿನಲ್ಲಿ ಆರ್‌ಸಿಬಿ-ಕೋಲ್ಕತ್ತ ಪಂದ್ಯದಲ್ಲಿ ಒಂದು ಚೆಂಡನ್ನೂ ಹಾಕಲಾಗಲಿಲ್ಲ. ಮೊದಲನೆಯದಕ್ಕೆ ಅವನು ಕಟ್ಟಿದ್ದು 1,500, ಎರಡನೆಯದಕ್ಕೆ 4,000. ಎರಡೂ ಪಣ ವಾಪಸ್ ಬಂದಿದ್ದವು. ನನ್ನ ಶೀಟು ಎರಡನ್ನೂ ಸೋಲು ಅಂತ ಹಿಡಿದಿತ್ತು.

ಮೇ 17ರ ಸಾಲನ್ನು ಅವನಿಗೆ ತೋರಿಸಿದಾಗ ಇನ್ನೊಂದು ವಿಷಯ ಹೊರಬಂತು. ಆ ರಾತ್ರಿ ವಾಪಸ್ ಬಂದ 4,000ವನ್ನು ಅವನು ಬ್ಯಾಂಕಿಗೆ ಹಾಕಿಸಿಕೊಂಡಿದ್ದ. "4,000 ಜಮಾ ಆಗಿದೆ" ಅಂತ ಮೆಸೇಜ್ ಬಂತು. ಅವನ ತಲೆಯಲ್ಲಿ ಅದು ಗೆದ್ದ ಹಣ! ಆರ್‌ಸಿಬಿ ಮೇಲೆ ಕಟ್ಟಿದ್ದೆ, ನಾಲ್ಕು ಸಾವಿರ ಬಂತು ಅಂತಲೇ ಮೂರು ತಿಂಗಳು ನಂಬಿದ್ದ. ಒಂದೇ ಸಾಲು. ನನ್ನ ಶೀಟಿನಲ್ಲಿ ನಾಲ್ಕು ಸಾವಿರ ನಷ್ಟ, ಅವನ ನೆನಪಿನಲ್ಲಿ ನಾಲ್ಕು ಸಾವಿರ ಲಾಭ, ನಿಜದಲ್ಲಿ ಸೊನ್ನೆ.

ಫಲಿತಾಂಶದ ಕಾಲಮ್ಮಿಗೆ "ರದ್ದು" ಅನ್ನೋ ಮೂರನೇ ಆಯ್ಕೆ ಸೇರಿಸಿದೆ. ಕೈಯಿಂದ ಟೈಪ್ ಮಾಡುವುದನ್ನೂ ನಿಲ್ಲಿಸಿ ಪಟ್ಟಿಯಿಂದ ಆರಿಸುವ ಹಾಗೆ ಮಾಡಿದೆ. ಮೂರರಲ್ಲಿ ಯಾವುದೂ ಇಲ್ಲದಿದ್ದರೆ ಆ ಕೋಶ ಕೆಂಪಾಗುತ್ತದೆ. ನೀವೇನಾದರೂ ಇಂಥ ಲೆಕ್ಕ ಬರೆಯುವುದಾದರೆ ಇದನ್ನು ಮೊದಲ ದಿನವೇ ಮಾಡಿ.

ಈಗ ನಷ್ಟ 39,650. ಬ್ಯಾಂಕಿನ ಲೆಕ್ಕಕ್ಕೆ ಇನ್ನೂ 1,150 ಕಮ್ಮಿ. ಅದರಲ್ಲಿ 650 ಆ್ಯಪ್‌ನಲ್ಲೇ ಉಳಿದದ್ದು. ಮಿಕ್ಕ 500? ಅವನು "ಬಿಡಿ ಭಾವ, 500 ಅಲ್ವಾ" ಅಂದ. ನಾನು ಬಿಡಲಿಲ್ಲ. ಇವತ್ತು 500 ಬಿಟ್ಟರೆ ನಾಳೆ ಪುಸ್ತಕದ ಮೇಲೆ ಯಾರಿಗೂ ನಂಬಿಕೆ ಉಳಿಯಲ್ಲ. ರಾತ್ರಿ ಹತ್ತೂವರೆಗೆ ಸಿಕ್ಕಿತು. ಎರಡು ಸ್ಕ್ರೀನ್‌ಶಾಟ್‌ಗಳ ನಡುವೆ ಒಂದು ಸಾಲು ಜಾರಿಹೋಗಿತ್ತು. ಏಪ್ರಿಲ್ ಮೊದಲ ವಾರದ 500ರ ಒಂದು ಸೋಲು. ಒಟ್ಟು 61 ಬೆಟ್, 2 ರದ್ದು, 59 ಇತ್ಯರ್ಥ. ನಷ್ಟ 40,150, ಶಿಲ್ಕು 650, ಸೇರಿಸಿದರೆ 40,800. ಪೈಸೆಗೆ ಪೈಸೆ ತಾಳೆ ಆಯಿತು. ಅವನೂ ಕುರ್ಚಿಗೆ ಒರಗಿ ಉಸಿರು ಬಿಟ್ಟ. ಸೋತ ಲೆಕ್ಕವಾದರೂ ತಾಳೆ ಆದಾಗ ಮನಸ್ಸಿಗೆ ಒಂದು ನೆಮ್ಮದಿ ಇರುತ್ತದೆ.

ಆಯ್ಕೆ ಸರಿಯಾಗೇ ಇತ್ತಲ್ಲ?

59ರಲ್ಲಿ ಗೆದ್ದದ್ದು 31, ಸೋತದ್ದು 28. ಇದನ್ನು ನೋಡಿ ಅವನ ಮುಖ ಅರಳಿತು. "ನೋಡಿ, ಜಾಸ್ತಿ ಗೆದ್ದೀನಿ!" ಹೌದು, ಗೆದ್ದದ್ದೇ ಜಾಸ್ತಿ. ಹಾಗಾದರೆ 40,150 ಎಲ್ಲಿ ಹೋಯಿತು?

ಶೀಟಿನ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದೆ. ಅದೇ ಪಂದ್ಯ, ಅದೇ ಆಯ್ಕೆ, ಅದೇ ದರ, ಆದರೆ ಪಣ ಮಾತ್ರ ಪ್ರತಿ ಸಲ 500. ಮೊತ್ತ ಬಂದದ್ದು 1,290 ನಷ್ಟ. ಅಂದರೆ ಕಟ್ಟಿದ ಪ್ರತಿ ನೂರಕ್ಕೆ ಸುಮಾರು 4 ರೂಪಾಯಿ 37 ಪೈಸೆ. ನಿಜವಾಗಿ ಆದದ್ದು, 1,13,100 ಕಟ್ಟಿ 40,150 ನಷ್ಟ. (58,000 ಹಾಕಿ ಲಕ್ಷದ ಮೇಲೆ ಕಟ್ಟಿದ್ದು ಹೇಗೆ ಅಂತ ಅವನೂ ಕೇಳಿದ. ಗೆದ್ದು ಬಂದದ್ದನ್ನೇ ಮತ್ತೆ ಮತ್ತೆ ಕಟ್ಟಿದರೆ ಅದೇ ರೂಪಾಯಿ ಹತ್ತು ಸಲ ಓಡಾಡುತ್ತದೆ.) ಗೆದ್ದ 31 ಬೆಟ್ಟಿನ ಸರಾಸರಿ ಪಣ 1,300. ಸೋತ 28ರ ಸರಾಸರಿ ಪಣ 2,600. ಸರಿಯಾಗಿ ಎರಡರಷ್ಟು.

ಇದು ಯಾಕೆ ಹೀಗೆ? ಆಮೇಲೆ ಹಾಕಿದ ಕಾಲಂ ಈ ಇಡೀ ಕೆಲಸದಲ್ಲೇ ನನಗೆ ಮುಖ್ಯ ಅನ್ನಿಸಿದ್ದು. ಅದರ ಹೆಸರು "ಹಿಂದಿನ ಫಲಿತಾಂಶ". ಪ್ರತಿ ಸಾಲಿನಲ್ಲೂ ಅದರ ಮೇಲಿನ ಸಾಲಿನ ಗೆಲುವು ಅಥವಾ ಸೋಲನ್ನು ಎಳೆದು ತಂದೆ. ಆಮೇಲೆ ಎರಡು ಸರಾಸರಿ ತೆಗೆದೆ. ಗೆದ್ದ ಮೇಲಿನ ಪಣ: 1,180. ಸೋತ ಮೇಲಿನ ಪಣ: ಸುಮಾರು 2,815.

ಮೇ ಕೊನೆಯ ವಾರದ ಐದು ಸಾಲುಗಳನ್ನು ಅವನೇ ಜೋರಾಗಿ ಓದಿದ. 500 ಸೋಲು. 1,000 ಸೋಲು. 2,500 ಸೋಲು. 5,000 ಸೋಲು. 8,000 ಸೋಲು. ಒಟ್ಟು 17,000. ಅವನ ಸಂಬಳ 22,000. ಯುಪಿಐ ಪಟ್ಟಿಯಲ್ಲಿ ಆ 8,000ಕ್ಕೆ ಹಣ ಹಾಕಿದ ಹೊತ್ತು ರಾತ್ರಿ 11:47. ಪಂದ್ಯ ಮುಗಿದ ಕೂಡಲೇ. ಅತ್ತೆಯವರ ಖಾತೆಯಿಂದ. ಓದುತ್ತಾ ಓದುತ್ತಾ ಅವನ ದನಿ ಇಳಿಯಿತು. ನಾನು ಏನೂ ಹೇಳಲಿಲ್ಲ. ಹೇಳುವುದೇನೂ ಇರಲಿಲ್ಲ.

ಒಂದು ಮಾತನ್ನು ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕು. ಪಣ ಏರಿಸಿದ ಮಾತ್ರಕ್ಕೆ ನೂರಕ್ಕೆ ಹೋಗುವ ಸರಾಸರಿ ನಷ್ಟ ಹೆಚ್ಚುವುದಿಲ್ಲ. ದೊಡ್ಡ ಪಣಗಳೆಲ್ಲ ಸೋಲಿನ ದಿನಕ್ಕೇ ಬಿದ್ದದ್ದರಲ್ಲಿ ಕೆಟ್ಟ ಅದೃಷ್ಟವೂ ಇದೆ. ಆದರೆ ಪಣ ಏರಿಸುತ್ತಾ ಹೋಗುವವನು ಆ ಕೆಟ್ಟ ದಿನಕ್ಕೆ ಬಾಗಿಲು ತೆಗೆದಿಟ್ಟು ಕೂತಿರುತ್ತಾನೆ. ಆ ದಿನ ಎಷ್ಟು ಸಲ ಬರುತ್ತದೆ ಅಂತ ಅವನಿಗೆ ಕಣ್ಣಾರೆ ತೋರಿಸಬೇಕಿತ್ತು.

ಒಂದು ಪಾವು ಮೆಕ್ಕೆಜೋಳ

ಶೀಟಿನ ಅಂಕಿ ನನಗೆ ಮಾತಾಡುತ್ತದೆ, ಅವನಿಗೆ ಮಾತಾಡಲ್ಲ. ಹಾಗಾಗಿ ಅಂಗಡಿಯಿಂದ ಒಂದು ಪಾವು ಮೆಕ್ಕೆಜೋಳ ತಂದೆ. ಸಾವಿರ ಕಾಳು ಎಣಿಸಿ ಒಂದು ಹಾರ್ಲಿಕ್ಸ್ ಬಾಟಲಿಗೆ ಹಾಕಿದೆವು. ಪಕ್ಕದಲ್ಲಿ ಮಿಕ್ಕ ಕಾಳಿನ ಸ್ಟೀಲ್ ಡಬ್ಬಿ, ಅದು ಆ್ಯಪ್. ಒಂದು ರೂಪಾಯಿ ನಾಣ್ಯ, ಅದು ಪಂದ್ಯ. ಮಂಡಕ್ಕಿ ಮಿರ್ಚಿ ತಟ್ಟೆ ಮಧ್ಯದಲ್ಲಿ. ಮಕ್ಕಳೂ ಬಂದು ಕೂತರು.

ನಿಯಮ: ಪ್ರತಿ ಸಲ ಪಣ 10 ಕಾಳು. ಗೆದ್ದರೆ 9 ಕಾಳು ಲಾಭ, ಸೋತರೆ 10 ನಷ್ಟ. ಇದು 1.90 ದರ. ಸಮಬಲದ ಎರಡು ತಂಡಗಳಿಗೂ 1.90 ಅಂತ ದರ ಹಾಕಿದ್ದರೆ ಆಟಗಾರನಿಗೆ ಕಾಣುವುದು ಇದೇ. ಒಂದನ್ನು 1.90ರಿಂದ ಭಾಗಿಸಿದರೆ 52.63%, ಅಂದರೆ ನೂರಕ್ಕೆ ಅಷ್ಟು ಸಲ ಗೆದ್ದರೆ ಮಾತ್ರ ಲೆವೆಲ್. ಎರಡೂ ಕಡೆ ಸೇರಿದರೆ 105.26%. ನೂರರ ಮೇಲಿನ ಆ ಐದು ಚಿಲ್ಲರೆಯೇ ಅಂಗಡಿಯವನ ದಲಾಲಿ. ನಮ್ಮ ದಲಾಲಿ ಚೀಟಿಯಲ್ಲಿ ಬರೆದಿರುತ್ತದೆ. ಇದು ಎಲ್ಲೂ ಬರೆದಿರುವುದಿಲ್ಲ, ದರದೊಳಗೇ ಅಡಗಿರುತ್ತದೆ.

ನೂರು ಸಲ ನಾಣ್ಯ ಚಿಮ್ಮಿದ. 52 ಸಲ ಗೆದ್ದ, 48 ಸಲ ಸೋತ. ಬಾಟಲಿ ಸುರಿದು ಎಣಿಸಿದ: 988. ಮತ್ತೆ ಎಣಿಸಿದ. ಅದೇ 988. 52 ಸಲ ಒಂಬತ್ತೊಂಬತ್ತು ಬಂದರೆ 468, 48 ಸಲ ಹತ್ತತ್ತು ಹೋದರೆ 480. ಹನ್ನೆರಡು ಕಾಳು ಕಮ್ಮಿ. "ಗೆದ್ದೂ ಕಮ್ಮಿ ಆತಲ್ಲ ಭಾವ" ಅಂದ. ಕಾಳು ಕೈಯಲ್ಲಿ ಹಿಡಿದು ಹೇಳಿದ ಆ ಮಾತು ನನಗೆ ಶೀಟಿನ ಎಲ್ಲ ಸಾಲಿಗಿಂತ ದೊಡ್ಡದು.

ಎರಡನೇ ಸುತ್ತು ಅವನ ಪದ್ಧತಿಯಲ್ಲೇ. ಸೋತರೆ ಪಣ ಎರಡರಷ್ಟು, ಗೆದ್ದರೆ ಮತ್ತೆ ಹತ್ತಕ್ಕೆ. ಶುರುವಿನಲ್ಲಿ ಬಹಳ ಚೆನ್ನಾಗಿ ಹೋಯಿತು. ಬಾಟಲಿ 1,140ರವರೆಗೆ ತುಂಬಿತು. ಮಕ್ಕಳು ಚಪ್ಪಾಳೆ ಹೊಡೆದರು. ನಲವತ್ತರ ಆಸುಪಾಸಿನಲ್ಲಿ ಸೋಲು ಶುರುವಾಯಿತು. ಹತ್ತು ಕಾಳು ಬೆರಳಲ್ಲಿ ಎತ್ತಿ ಹಾಕಿದ. ಇಪ್ಪತ್ತು. ನಲವತ್ತು. ಎಂಬತ್ತಕ್ಕೆ ಬೊಗಸೆ ಬೇಕಾಯಿತು. ನೂರರವತ್ತು ಎಣಿಸಲು ತಟ್ಟೆ ಬಂತು. ಮುನ್ನೂರಿಪ್ಪತ್ತು ಎಣಿಸುವಾಗ ಯಾರೂ ಮಾತಾಡಲಿಲ್ಲ. ಅದೂ ಸೋತಿತು. ಆರು ಸೋಲಿಗೆ 630 ಕಾಳು. ಬಾಟಲಿಯಲ್ಲಿ ಉಳಿದದ್ದು 510. ಏಳನೇ ಪಣಕ್ಕೆ ಬೇಕಾದದ್ದು 640. ಆಟ ಅಲ್ಲಿಗೇ ನಿಂತಿತು.

"ಇದು ಅಪರೂಪಕ್ಕೆ ಆಗೋದು" ಅಂದ. ಸರಿ, ಎಷ್ಟು ಅಪರೂಪ ಅಂತ ಶೀಟಿಗೆ ಕೇಳಿದೆವು. ರ್‍ಯಾಂಡ್ ಫಾರ್ಮುಲಾದಿಂದ (ಅದು ಚೀಟಿ ಎತ್ತಿದ ಹಾಗೆ ಸಂಖ್ಯೆ ಕೊಡುತ್ತದೆ) ತಲಾ 59 ಚಿಮ್ಮುಗಳ ಸಾವಿರ ಸೀಸನ್ ಮಾಡಿಸಿದೆ. ಅದರಲ್ಲಿ 358 ಸೀಸನ್‌ಗಳಲ್ಲಿ ಸತತ ಆರು ಸೋಲು ಕನಿಷ್ಠ ಒಂದು ಸಲ ಇತ್ತು. ಗಣಿತದ ಲೆಕ್ಕವೂ 36%ರ ಹತ್ತಿರವೇ ಬರುತ್ತದೆ. ಮೂರು ವರ್ಷ ಆಡಿದರೆ ಒಂದು ವರ್ಷ ಬರುವಂಥದ್ದು. ಅಪರೂಪ ಅನ್ನುವ ಮಾತು ಅಲ್ಲಿಗೆ ಬಿಟ್ಟ.

ಎಷ್ಟು ಕಟ್ಟಬೇಕು ಅನ್ನೋ ಸೂತ್ರ

ಅವನು ಎಲ್ಲೋ ಓದಿಕೊಂಡು ಬಂದ. "ಕೆಲಿ ಫಾರ್ಮುಲಾ ಅಂತ ಐತಿ ಭಾವ, ಅದ್ರ ಪ್ರಕಾರ ಕಟ್ಟಿದ್ರೆ?" ಒಳ್ಳೆಯ ಪ್ರಶ್ನೆ, ತಳ್ಳಿಹಾಕಬಾರದು. ಜಾನ್ ಕೆಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದವರು. ತಂತಿಯಲ್ಲಿ ಹೋಗುವ ಮಾಹಿತಿಯ ಬಗ್ಗೆ 1956ರಲ್ಲಿ ಬರೆದ ಲೇಖನದಲ್ಲಿ ಈ ಲೆಕ್ಕ ಇದೆ. ಒಂದು ರೂಪಾಯಿಗೆ ಸಿಗುವ ಲಾಭವನ್ನು ಗೆಲುವಿನ ಸಾಧ್ಯತೆಯಿಂದ ಗುಣಿಸಿ, ಸೋಲಿನ ಸಾಧ್ಯತೆ ಕಳೆಯಿರಿ. ಬಂದದ್ದನ್ನು ಅದೇ ಲಾಭದಿಂದ ಭಾಗಿಸಿ. ಬಂಡವಾಳದಲ್ಲಿ ಅಷ್ಟು ಪಾಲು ಕಟ್ಟಬಹುದು. ದರ 1.90, ಗೆಲುವಿನ ಸಾಧ್ಯತೆ 55% ಇದ್ದರೆ ಉತ್ತರ 5%. 52% ಇದ್ದರೆ ಉತ್ತರ ಸೊನ್ನೆಗಿಂತ ಕೆಳಗೆ. ಅಂದರೆ ಕಟ್ಟಲೇಬೇಡ ಅಂತ.

ಸೂತ್ರ ಸರಿಯಾಗಿದೆ. ತೊಂದರೆ ಇರುವುದು ಅದರೊಳಗೆ ಹಾಕುವ ಅಂದಾಜಿನಲ್ಲಿ. ಅವನು ತನ್ನ ಆಯ್ಕೆಗಳಿಗೆ ನೆನಪಿನಿಂದ ಕೊಟ್ಟ ಅಂದಾಜು ಸಾಮಾನ್ಯವಾಗಿ 70%. ದರ 1.85ಕ್ಕೆ ಅದನ್ನು ಹಾಕಿದರೆ ಬಂಡವಾಳದ ಸುಮಾರು 35% ಕಟ್ಟು ಅನ್ನುತ್ತದೆ ಸೂತ್ರ. ಅವನು ನಿಜವಾಗಿ ಗೆದ್ದ 52.5% ಹಾಕಿದೆ. ಸೊನ್ನೆ. ಆ ಕಾಲಮ್ಮನ್ನು ಕೆಳಗೆ ಎಳೆದೆ. ಸೊನ್ನೆ, ಸೊನ್ನೆ, ಸೊನ್ನೆ. ದರ ಸ್ವಲ್ಪ ದೊಡ್ಡದಿದ್ದ ಕೆಲವೇ ಸಾಲು ಬಿಟ್ಟರೆ ಶೀಟಿನ ತುಂಬ ಸೊನ್ನೆ.

"ಮುಂದಿನ ಸಲ 55% ಹೊಡೆಯಬಹುದಲ್ಲ?" ಹೊಡೆಯಬಹುದು. ಆದರೆ ಗೊತ್ತಾಗುವುದು ಹೇಗೆ? 59 ಬೆಟ್ಟಿನಲ್ಲಿ ಬಂದ 52.5%ಗೆ ಆಚೀಚೆ ಹದಿಮೂರು ಅಂಶ ಸುಮ್ನೆ ಅದೃಷ್ಟದಿಂದಲೇ ಆಗಬಹುದು. ನಿಜವಾದ ಸಾಮರ್ಥ್ಯ 40% ಇದ್ದರೂ ಆಶ್ಚರ್ಯ ಇಲ್ಲ, 65% ಇದ್ದರೂ ಇಲ್ಲ. 1.90 ದರದಲ್ಲಿ 55% ಗೆಲ್ಲುವವನನ್ನು, ಬರೀ ಲೆವೆಲ್ ಆಗುವ 52.6%ನವನಿಂದ ಬೇರೆ ಮಾಡಿ ತೋರಿಸಲು ಸುಮಾರು 1,780 ಬೆಟ್ ಬೇಕು. ಐಪಿಎಲ್‌ನಲ್ಲಿ 2025ರಲ್ಲಿ ಇದ್ದದ್ದು 74 ಪಂದ್ಯ. ಒಂದೂ ಬಿಡದೆ ಆಡಿದರೂ 24 ವರ್ಷ. ಅವನಿಗೀಗ 26.

ಹಣವಿಲ್ಲದ ಪುಸ್ತಕ

ಕ್ರಿಕೆಟ್ ನೋಡಬೇಡ ಅಂತ ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಅವನಿಗೆ ಆಟದ ಕಣ್ಣಿದೆ. ಅದಕ್ಕೆ ಹಣ ಇಲ್ಲದ ಒಂದು ಪುಸ್ತಕ ಮಾಡಿದೆವು. ಉದ್ದನೆಯ ರೂಲ್ಡ್ ಪುಸ್ತಕ. ಟಾಸ್‌ಗೆ ಮೊದಲು ಪೆನ್ನಿನಲ್ಲಿ ಬರೆಯಬೇಕು, ಸಮಯ ಹಾಕಬೇಕು, ತಿದ್ದುವಂತಿಲ್ಲ. ಬರೆಯುವುದು ಯಾರು ಗೆಲ್ಲುತ್ತಾರೆ ಅಂತಲ್ಲ, ಎಷ್ಟು ಪರ್ಸೆಂಟ್ ಅಂತ. ಬಲ ಸಮ ಅನ್ನಿಸಿದ ಪಂದ್ಯಕ್ಕೆ ಮಾತ್ರ 10 ಕಾಳು ಇಡಬಹುದು. ಹತ್ತಕ್ಕಿಂತ ಜಾಸ್ತಿ ಇಲ್ಲ.

ಅಂಕ ಕೊಡಲು ಬ್ರಯರ್ ಅಳತೆ ಬಳಸಿದೆವು. ಗ್ಲೆನ್ ಬ್ರಯರ್ 1950ರಲ್ಲಿ ಹವಾಮಾನ ಮುನ್ಸೂಚನೆಗಳನ್ನು ಅಳೆಯಲು ಕೊಟ್ಟ ಲೆಕ್ಕ ಅದು. ಗೆದ್ದರೆ 1, ಸೋತರೆ 0 ಅಂತ ಹಿಡಿದು, ನಿಮ್ಮ ಅಂದಾಜಿಗೂ ಅದಕ್ಕೂ ಇರುವ ಅಂತರವನ್ನು ಅದರಿಂದಲೇ ಗುಣಿಸಿ. ಕಮ್ಮಿ ಬಂದಷ್ಟು ಒಳ್ಳೆಯದು. ಪ್ರತಿ ಪಂದ್ಯಕ್ಕೂ ಕಣ್ಣು ಮುಚ್ಚಿ 50% ಬರೆದವನಿಗೆ 0.25 ಬರುತ್ತದೆ. ಅದಕ್ಕಿಂತ ಕೆಳಗೆ ಬಂದರೆ ನಿಮಗೆ ಏನೋ ಗೊತ್ತಿದೆ ಅಂತ ಹೇಳಬಹುದು.

ಆಗ ಮಹಿಳಾ ವಿಶ್ವಕಪ್ ನಡೆಯುತ್ತಿತ್ತು. ಭಾರತ ಸತತ ಮೂರು ಪಂದ್ಯ ಸೋತಿತ್ತು. ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ಕೊನೆಗೆ ಇಂದೋರ್‌ನಲ್ಲಿ ಇಂಗ್ಲೆಂಡ್ ವಿರುದ್ಧ ನಾಲ್ಕೇ ರನ್ನಿನಿಂದ. ಅಕ್ಟೋಬರ್ 23ಕ್ಕೆ ನ್ಯೂಜಿಲೆಂಡ್ ಪಂದ್ಯ. ಅವನು ಬಾಟಲಿಗೆ ಕೈ ಹಾಕಿದ. "ಇವತ್ತು ಐವತ್ತು ಇಡ್ತೀನಿ ಭಾವ. ಮೂರು ಸೋತಾರೆ, ಇವತ್ತು ಗೆಲ್ಲಲೇಬೇಕು." ಬರೀ ಮೆಕ್ಕೆಜೋಳ. ಆದರೂ ಕೈ ಅದೇ ಕೆಲಸ ಮಾಡಿತು. ಸೋತ ಮೇಲೆ ಪಣ ಏರಿತು. ಅವನಿಗೇ ಗೊತ್ತಾಗಿ ಕೈ ಅರ್ಧದಲ್ಲೇ ನಿಂತಿತು. ಹತ್ತು ಕಾಳು ಎಣಿಸಿ ಇಟ್ಟ.

ಭಾರತ ಗೆದ್ದಿತು. "ನೋಡಿ, ಐವತ್ತು ಇಟ್ಟಿದ್ರೆ ನಲವತ್ತೈದು ಬರ್ತಿತ್ತು." ಹೌದು, ಬರುತ್ತಿತ್ತು. ನಾನು ಒಪ್ಪಿಕೊಂಡೆ. ಆಮೇಲೆ ಮೇ ತಿಂಗಳ ಆ ಐದು ಸಾಲು ತೆಗೆದು ಕೇಳಿದೆ, 2,500 ಕಟ್ಟಿದ ದಿನ ನಿನ್ನ ಕಾರಣ ಏನಿತ್ತು? ಅವನು ಯೋಚಿಸಿ ಹೇಳಿದ: "ಎರಡು ಸೋತಿದ್ದೆ, ಮೂರನೇದು ಬರಲೇಬೇಕಿತ್ತು." ಸೋಲು ತಂಡಕ್ಕೆ ಆದದ್ದೋ ತನಗೆ ಆದದ್ದೋ, ಎರಡಕ್ಕೂ ಅವನು ಒಂದೇ ಮಾತು ಹೇಳುತ್ತಿದ್ದ. ಅವತ್ತು ಪುಸ್ತಕಕ್ಕೆ "ಕಾರಣ" ಅಂತ ಒಂದು ಕಾಲಂ ಸೇರಿಸಿದ್ದು ಅವನೇ. ಪಿಚ್, ಬೌಲಿಂಗ್, ಗಾಯ, ಫಾರ್ಮ್ ಏನಾದರೂ ಬರೆಯಬಹುದು. "ಗೆಲ್ಲಲೇಬೇಕು" ಅಂತ ಬರೆಯುವಂತಿಲ್ಲ.

ಸೆಮಿಫೈನಲ್‌ಗೆ, ಅಕ್ಟೋಬರ್ 30ಕ್ಕೆ, ಅವನು ಮಧ್ಯಾಹ್ನ 2:10ಕ್ಕೆ ಭಾರತಕ್ಕೆ 30% ಬರೆದ. ನಾನು 35%. ಅಲ್ಲಿಯವರೆಗೆ ಸೋಲದ ಆಸ್ಟ್ರೇಲಿಯಾದ ಎದುರು 339 ಬೆನ್ನಟ್ಟಿ ಗೆದ್ದರು, ಜೆಮಿಮಾ ರೋಡ್ರಿಗ್ಸ್ ಔಟಾಗದೆ 127. ಮನೆಯಲ್ಲಿ ಎಲ್ಲರೂ ಎದ್ದು ಕುಣಿದೆವು. ಆ ಸಾಲಿಗೆ ಅವನ ಅಂಕ 0.49, ಪುಸ್ತಕದಲ್ಲಿ ಅವನ ಕೆಟ್ಟ ಸಾಲುಗಳಲ್ಲಿ ಒಂದು. ಅದನ್ನು ಅವನು ನಗುತ್ತಾ ಬರೆದ. ತಪ್ಪಾದ ಅಂದಾಜಿನಿಂದ ಯಾರ ಮನೆಯ ದುಡ್ಡೂ ಹೋಗದಿದ್ದರೆ ಆಟದ ಖುಷಿ ಪೂರ್ತಿ ಸಿಗುತ್ತದೆ ಅಂತ ನನಗೆ ಅವತ್ತು ಅನ್ನಿಸಿತು.

ಫಲಿತಾಂಶ ಕಂಡ 20 ಪಂದ್ಯ ಬರೆದೆವು. ಕೊಲಂಬೊದಲ್ಲಿ ಮಳೆಗೆ ಹೋದವು ಹಲವು. "ರದ್ದು" ಕಾಲಂ ಇದ್ದದ್ದು ಎಷ್ಟು ಒಳ್ಳೆಯದಾಯಿತು! ಅವನ ಸರಾಸರಿ 0.21, ನನ್ನದು 0.22. 80% ಅಥವಾ ಅದಕ್ಕಿಂತ ಜಾಸ್ತಿ ಅಂತ ಎಂಟು ಸಲ ಬರೆದಿದ್ದ, ಆರು ಸಲ ಸರಿಯಾಯಿತು. ಇಪ್ಪತ್ತು ಪಂದ್ಯಕ್ಕೆ ಇದೆಲ್ಲ ಏನೂ ಸಾಬೀತು ಮಾಡಲ್ಲ, ಅದು ಅವನಿಗೂ ಈಗ ಗೊತ್ತು.

ಈ ನಡುವೆ ಎರಡು ರಾತ್ರಿ ಅವನಿಗೆ ಬಹಳ ಕಷ್ಟವಾಗಿತ್ತು. ಬೇರೆ ಆ್ಯಪ್‌ನ ಲಿಂಕ್ ಯಾರೋ ಕಳಿಸಿದ್ದರು. ಒಂದು ರಾತ್ರಿ ನನಗೆ ಫೋನ್ ಮಾಡಿದ. ಇನ್ನೊಂದು ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮಾಡಿದ. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ಮನೆಯಲ್ಲಿ ಯಾರಾದರೂ ಹೀಗಿದ್ದರೆ ಆ ಸಂಖ್ಯೆ ಬರೆದಿಟ್ಟುಕೊಳ್ಳಿ.

ಶೀಟು ಈಗ ಹೀಗಿದೆ. ಕಾಲಂಗಳು: ತಾರೀಖು, ಬರೆದ ಸಮಯ, ಪಂದ್ಯ, ಅಂದಾಜು, ಕಾರಣ, ಕಾಳು, ಫಲಿತಾಂಶ, ಬ್ರಯರ್ ಅಂಕ, ಹಿಂದಿನ ಫಲಿತಾಂಶ. ಐಪಿಎಲ್‌ನ ಹಳೇ 61 ಸಾಲುಗಳನ್ನು ಅಳಿಸೋಣ್ವಾ ಅಂತ ನಾನೇ ಕೇಳಿದ್ದೆ. ಇರಲಿ ಅಂದ. ಅವು ಬೇರೆ ಹಾಳೆಯಲ್ಲಿವೆ.

ಅದೇ ಹಾಳೆಯ ಕೆಳಗೆ ಇನ್ನೊಂದು ಚಿಕ್ಕ ಖಾತೆ ತೆರೆದಿದ್ದೇವೆ. ತಲೆಬರಹ: ಅಮ್ಮನ ಖಾತೆ, 18,000. ಪ್ರತಿ ತಿಂಗಳು ಸಂಬಳ ಬಂದ ದಿನ 2,000 ವಾಪಸ್. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಮೂರು ಸಾಲು ತುಂಬಿವೆ, ಮೂರೂ ಅವನ ಕೈಯಿಂದಲೇ ಟೈಪ್ ಆದವು. ಬಾಕಿ 12,000.